ಪ್ರಸಾದಕ್ಕೆಂಥ ಪಥ್ಯ

ಯಾರಲ್ಲಿಗಾದರೂ ಹೋಗುವಾಗ ಕೈ ಬೀಸಿಕೊಂಡು ಹೋಗಬಾರದು ಎಂದು ಸದಾನಂದನ ಅಜ್ಜಿ ಅವನಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಆಸ್ಪತ್ರೆಗೆ ಹೋಗುವಾಗ ಏನು ಮಾಡಬೇಕೆಂದು ಮಾತ್ರ ಹೇಳಿರಲಿಲ್ಲ. ಪಾಪ, ಅಷ್ಟು ದೂರ ಅವಳು ಯೋಚಿಸಿರಲಿಕ್ಕಿಲ್ಲ. ಯೋಚಿಸಿದ್ದರೆ ಆ ಗುರುವಾರ ಬೆಳಿಗ್ಗೆ ಸದಾನಂದ ಸಕ್ಕರೆ ಕಾಯಿಲೆಯ ಡಾಕ್ಟರಿಗೆ ಕೊಡಲೆಂದು ದೊಡ್ಡ ಸ್ಟೀಲ್ ಡಬ್ಬದ ತುಂಬ ಕಾಶಿ ಹಲ್ವಾ ಮಾಡುತ್ತಿರಲಿಲ್ಲ.

ಸದಾನಂದ ಮುಂಬಯಿಯ ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮುಖ್ಯ ಅಡುಗೆಯವನು. ಅವನ ಸಾಂಬಾರು ಕುಡಿಯಲೆಂದೇ ಅಂಧೇರಿಯಿಂದ ರಿಕ್ಷಾ ಮಾಡಿಕೊಂಡು ಬರುವವರಿದ್ದರು. ಇಡ್ಲಿ ಅವರಿಗೆ ಬರೀ ನೆಪ. ಆದರೆ ಕಳೆದ ಮೂರು ತಿಂಗಳಿಂದ ಸದಾನಂದ ತಾನು ಮಾಡಿದ ಅಡುಗೆಯ ರುಚಿಯನ್ನು ತಾನೇ ನೋಡಿರಲಿಲ್ಲ.

ಆದದ್ದಿಷ್ಟು. ಕೊಪ್ಪರಿಗೆಯ ಮುಚ್ಚಳ ಬಿದ್ದು ಅವನ ಕಾಲಿನ ಹೆಬ್ಬೆರಳಿಗೆ ಗಾಯವಾಗಿತ್ತು. ಮೈಯಲ್ಲಿ ಸಕ್ಕರೆ ತುಂಬಿಕೊಂಡವನ ಗಾಯ, ಒಣಗುವ ಹೆಸರೇ ಎತ್ತಲಿಲ್ಲ. ಬೆರಳು ತೆಗೆಯಬೇಕಾದೀತು ಎಂದು ಒಬ್ಬ ಡಾಕ್ಟರು ಹೇಳಿಯೂ ಬಿಟ್ಟರು. ಇಡೀ ದಿನ ಒಲೆಯ ಮುಂದೆ ನಿಲ್ಲುವವನಿಗೆ ಹೆಬ್ಬೆರಳೆಂದರೆ ಅರ್ಧ ಜೀವ. ಆಗ ಸಿಕ್ಕಿದವಳು ದಾದರಿನ ಆಚೆಯ ದೊಡ್ಡ ಆಸ್ಪತ್ರೆಯ ಡಾಕ್ಟರ್ ಪ್ರಣೀತಾ. ವಯಸ್ಸಿನಲ್ಲಿ ಮಗಳಂಥವಳು, ಕನ್ನಡಕ್ಕೆ ಹಿಂದಿ ಬೆರೆಸಿ ಮಾತಾಡುವ ಮುಂಬಯಿ ಹುಡುಗಿ. ಆಹಾರ ಮತ್ತು ದೀರ್ಘಕಾಲದ ಕಾಯಿಲೆಗಳ ಮೇಲೆ ಅವಳದೊಂದು ಸಂಶೋಧನೆ ನಡೆದಿತ್ತು. ಸಕ್ಕರೆಯವರು, ಬಿಪಿಯವರು, ಹಾರ್ಟಿನವರು ಎಂದು ಮೂರು ಗುಂಪು. ಮೂರೂ ಗುಂಪಿಗೆ ಒಂದೇ ಬಗೆಯ ಊಟ, ಅದು ಯಾರಿಗೆ ಎಷ್ಟು ಗುಣ ಕೊಡುತ್ತದೆ ಎಂದು ಕೊನೆಯಲ್ಲಿ ಅಳೆದು ನೋಡುವುದು. ಸಕ್ಕರೆ ಇಲ್ಲ, ಎಣ್ಣೆ ತೊಟ್ಟಿನ ಲೆಕ್ಕ, ಉಪ್ಪು ಇದೆಯೋ ಇಲ್ಲವೋ ಎಂಬಷ್ಟು. ಸದಾನಂದ ಅಡುಗೆಯವನೆಂದು ತಿಳಿದಾಗ ಅವಳು ಇನ್ನೊಂದು ಕಟ್ಟಳೆ ಹಾಕಿದ್ದಳು. ಹತ್ತು ಪಾತ್ರೆಯ ರುಚಿ ನೋಡಿದರೆ ಒಂದು ಪ್ಲೇಟ್ ಊಟವೇ ಆಗುತ್ತದೆ, ಆದ್ದರಿಂದ ನಾಲಿಗೆಯ ತುದಿಗೂ ತಾಗಿಸುವ ಹಾಗಿಲ್ಲ.

ಸದಾನಂದ ಮಾತು ಕೊಟ್ಟ, ಕೊಟ್ಟ ಮಾತನ್ನು ಉಳಿಸಿಯೂ ಉಳಿಸಿದ. ಔಷಧಿ, ಡ್ರೆಸ್ಸಿಂಗ್, ಪಥ್ಯ ಎಲ್ಲ ಸೇರಿ ಗಾಯ ಒಣಗಿತು, ಹೆಬ್ಬೆರಳು ಉಳಿಯಿತು. ಅಂದಿನಿಂದ ಅವನು ದೇವರಿಗೆ ಕೈಮುಗಿಯುವಾಗ ಪ್ರಣೀತಾಳ ಹೆಸರನ್ನೂ ಸೇರಿಸಿಕೊಳ್ಳುತ್ತಿದ್ದ.

ಹೋಟೆಲಿನ ಗತಿ ಮಾತ್ರ ಹಾಳಾಗಿತ್ತು. ರುಚಿ ನೋಡುವ ಕೆಲಸ ಸಹಾಯಕ ಸಂದೀಪನ ಪಾಲಿಗೆ ಬಂದಿತ್ತು. ಏನು ಬಾಯಿಗೆ ಹಾಕಿಕೊಂಡರೂ "ಸೂಪರ್" ಎನ್ನುವ ನಾಲಿಗೆ ಅವನದು. ಅಂಧೇರಿಯ ರಿಕ್ಷಾಗಳು ನಿಂತುಹೋದವು. ಹಿಂದಿನ ದಿನವಷ್ಟೇ ಹೋಟೆಲಿನ ಯಜಮಾನ ಮನೀಶ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದ:

"ನಾಳೆಗೆ ನಿಮ್ಮ ಪಥ್ಯ ಮುಗೀತದಲ್ಲ ಸದಾನಂದಣ್ಣ? ಸಂಜೆ ನೀವೇ ರುಚಿ ನೋಡಿ ಸೌಟು ಹಿಡಿದ್ರೆ ಸರಿ. ಇಲ್ಲದಿದ್ರೆ ಮಂಗಳೂರಿಂದ ದೂಜನನ್ನು ಕರೆಸ್ತೇನೆ. ಬೇಜಾರು ಮಾಡ್ಕೊಳ್ಬೇಡಿ, ಗಿರಾಕಿಗಳು ಇನ್ನು ಕಾಯುದಿಲ್ಲ."

ದೂಜ ಸದಾನಂದನ ಕೈಕೆಳಗೇ ಕಲಿತು ಊರಿಗೆ ಹೋದವನು. ಅವನು ಬಂದು ತನ್ನ ಸೌಟು ಹಿಡಿಯುವುದನ್ನು ನೆನೆದರೆ ಸದಾನಂದ ಕೈಯಲ್ಲಿದ್ದ ಸೌಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ. ಆದರೂ ಅವನಿಗೆ ಭಯವಿರಲಿಲ್ಲ. ಗುರುವಾರ ಕೊನೆಯ ರಕ್ತಪರೀಕ್ಷೆ. ಅದು ಮುಗಿದರೆ ಪಥ್ಯವೂ ಮುಗಿಯಿತು, ಸಂಜೆಯ ಸಾಂಬಾರು ಅವನದೇ.

ಹೆಂಡತಿ ವಿನೋದಿನಿ ಹಲ್ವಾದ ಡಬ್ಬ ನೋಡಿ ಹಣೆ ಚಚ್ಚಿಕೊಂಡಳು. "ಶುಗರ್ ಡಾಕ್ಟ್ರಿಗೆ ಹಲ್ವಾ ಕೊಂಡುಹೋಗುವವರನ್ನು ನಾನು ಇವತ್ತೇ ನೋಡಿದ್ದು."

"ಕಾಯಿಲೆ ನಮ್ಗೆ ಮಾರಾಯ್ತಿ, ಡಾಕ್ಟ್ರಿಗಲ್ಲ," ಎಂದ ಸದಾನಂದ.

ಕೆಳಗೆ ಬಂದರೆ ಬಿಲ್ಡಿಂಗಿನ ವಾಚ್‌ಮನ್ ನಿಂಗಣ್ಣ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಯುತ್ತಿದ್ದ. ಯಾದಗಿರಿ ಕಡೆಯವನು, ಮೊದಲು ಗಾರೆ ಕೆಲಸ ಮಾಡುತ್ತಿದ್ದವನು, ಈಗ ಬಿಪಿ ಗುಂಪಿನ ರೋಗಿ. ಅವನನ್ನು ಆ ಸಂಶೋಧನೆಗೆ ಸೇರಿಸಿದವನೂ ಸದಾನಂದನೇ. ಅಂದಿನಿಂದ ನಿಂಗಣ್ಣ ಅವನನ್ನು ಒಡಹುಟ್ಟಿದ ಅಣ್ಣನ ಹಾಗೆ ಕಾಣುತ್ತಿದ್ದ. ಅಣ್ಣನ ಕೈಯಲ್ಲಿ ಭಾರ ಇರಬಾರದೆಂದು ಅವನು ಡಬ್ಬವನ್ನು ಕಿತ್ತುಕೊಂಡು ತಾನೇ ಹೊತ್ತ. ಉಪಕಾರ ಮಾಡಿಯೇ ಸಿದ್ಧ ಎಂದು ಹೊರಟವನನ್ನು ತಡೆಯುವುದು ಯಾರಿಂದಲೂ ಆಗದ ಕೆಲಸ. ಇದು ಸದಾನಂದನಿಗೆ ಅಂದೇ ತಿಳಿಯಲಿತ್ತು.

ಬೆಳಗಿನ ಲೋಕಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿಂಗಣ್ಣ ಡಬ್ಬವನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದ. ತುಪ್ಪ, ಏಲಕ್ಕಿಯ ಪರಿಮಳ ಬೋಗಿಯ ತುಂಬ ಹರಡಿತು. ಟೈ ಕಟ್ಟಿದ ಒಬ್ಬರು ಅದೇನೆಂದು ಕೇಳಿದರು. ಡಯಾಬಿಟೀಸ್ ಡಾಕ್ಟರಿಗೆ ಹಲ್ವಾ ಎಂದು ಸದಾನಂದ ಹೇಳಿದ್ದೇ ತಪ್ಪಾಯಿತು. ಖಾರ್ ದಾಟುವಷ್ಟರಲ್ಲಿ ಒಬ್ಬರು ಮೆಂತ್ಯದ ನೀರು ಕುಡಿಯಿರಿ ಎಂದರು, ಬಾಂದ್ರಾದಲ್ಲಿ ಹತ್ತಿದವರು ಹಾಗಲಕಾಯಿ ರಸಕ್ಕೆ ಸಮನಿಲ್ಲ ಎಂದರು. ಅನ್ನ ಬಿಟ್ಟರೆ ನೂರು ವರ್ಷ ಎಂದರೊಬ್ಬರು, ಅನ್ನ ತಿಂದೇ ತಮ್ಮಪ್ಪ ಗಟ್ಟಿಯಾಗಿದ್ದಾರೆಂದು ಮತ್ತೊಬ್ಬರು ಅವರ ಮೇಲೆ ಏರಿಹೋದರು. ಸಲಹೆ ಕೊಟ್ಟವರೆಲ್ಲರ ಕಣ್ಣೂ ಡಬ್ಬದ ಮೇಲೇ ಇತ್ತು. ಡಬ್ಬ ಮುಚ್ಚಿದಂತೆಯೇ ದಾದರಿನಲ್ಲಿ ಇಳಿದದ್ದು ಒಂದು ಪವಾಡ.

ಇಳಿದು ಹೋಗುವ ದಾರಿಯಲ್ಲಿ ಒಂದು ಪುಟ್ಟ ಗಣಪತಿ ಗುಡಿ. ನಿಂಗಣ್ಣ ಅಲ್ಲಿ ಗಕ್ಕನೆ ನಿಂತ.

"ದೇವರಿಗಿ ತೋರಸ್ದೆ ಹ್ಯಾಂಗ ಕೊಡ್ತೀರಿ ಅಣ್ಣಾರ? ನಿಮ್ಮ ಬೆರಳು ಉಳಿಸಿದ್ದು ಡಾಕ್ಟರ್‌ಬಾಯಿ ಖರೆ, ಡಾಕ್ಟರ್‌ಬಾಯಿಗಿ ಬುದ್ಧಿ ಕೊಟ್ಟಾಂವ ಯಾರು?"

ಮಾತು ಸರಿಯೆನಿಸಿತು. ಅರ್ಚಕರು ಡಬ್ಬದ ಮುಚ್ಚಳ ತೆಗೆದು, ಉದ್ಧರಣೆಯಿಂದ ನೀರು ಚಿಮುಕಿಸಿ, ಮೇಲೊಂದು ಗರಿಕೆ ಇಟ್ಟು, ಗಂಟೆ ಬಾರಿಸಿ ಹಿಂದೆ ಕೊಟ್ಟರು. ಒಳಗೆ ಹೋದದ್ದು ಹಲ್ವಾ, ಹೊರಗೆ ಬಂದದ್ದು ಪ್ರಸಾದ. ಈ ಸಣ್ಣ ವ್ಯತ್ಯಾಸವನ್ನು ಸದಾನಂದ ಆಗ ಗಮನಿಸಲಿಲ್ಲ.

ಆಸ್ಪತ್ರೆಯ ಹಾಲ್‌ನಲ್ಲಿ ಮೂರೂ ಗುಂಪಿನವರು ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿ ಬಂದು ಕುಳಿತಿದ್ದರು. ಬೆಳಗಿನ ಚಹಾ ಕೂಡ ಇಲ್ಲದ ಮುಖಗಳು. ನರ್ಸ್ ಸೋನಾಲಿ ಮೊದಲು ಸದಾನಂದನನ್ನೇ ಕರೆದಳು. ತಿನ್ನುವ ವಸ್ತು ಒಳಗೆ ತರಬಾರದು ಎಂದಳು. ಸದಾನಂದ ನಿಂಗಣ್ಣನಿಗೆ ಡಬ್ಬ ನೋಡಿಕೊಳ್ಳಲು ಹೇಳಿ ಒಳಗೆ ಹೋದ. ರಕ್ತ ತೆಗೆದದ್ದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಅಲ್ಲಿಂದ ಅವನನ್ನು ಕಾಲು ಪರೀಕ್ಷೆಗೆಂದು ಓಣಿಯ ಕೊನೆಯ ಕೋಣೆಗೆ ಕಳಿಸಿದರು. ಅಲ್ಲಿ ಹೆಬ್ಬೆರಳನ್ನು ಚುಚ್ಚಿ, ಒತ್ತಿ, ದೀಪ ಹಿಡಿದು, ಫೋಟೋ ತೆಗೆದು, ಬಹಳ ಹೊತ್ತು ಕೂರಿಸಿದರು. ಸದಾನಂದನಿಗೆ ಹೆಮ್ಮೆಯೇ ಆಯಿತು. ತನ್ನ ಮದುವೆಯಲ್ಲೂ ಅಷ್ಟು ಫೋಟೋ ತೆಗೆದಿರಲಿಲ್ಲ.

ಇತ್ತ ಹಾಲ್‌ನಲ್ಲಿ ಹಾರ್ಟ್ ಗುಂಪಿನ ರುದ್ರವ್ವ ಎಂಬ ಮುದುಕಿ ಮೂಗರಳಿಸಿ, ಎಂಥಾ ವಾಸನಿ ಇದು ಎಂದು ಕೇಳಿದಳು. ನಿಂಗಣ್ಣ ಸುಳ್ಳು ಹೇಳುವವನಲ್ಲ, ಗಣಪತಿ ಪ್ರಸಾದ ಎಂದ. ರುದ್ರವ್ವ ಸೆರಗು ತಲೆಗೆಳೆದುಕೊಂಡು, ಎಡಗೈ ಮೇಲೆ ಬಲಗೈ ಇಟ್ಟು ಚಾಚಿದಳು. ಚಾಚಿದ ಕೈಗೆ ಪ್ರಸಾದ ಇಲ್ಲ ಎನ್ನುವುದುಂಟೆ? ಅವಳಿಗೆ ಕೊಟ್ಟ ಮೇಲೆ ಪಕ್ಕದವರಿಗೆ ಕೊಡದಿರುವುದುಂಟೆ? ಪಕ್ಕದವರು ತಾನೇ ಬೇಡ ಎನ್ನುವುದುಂಟೆ? ನಿಂಗಣ್ಣ ಎದ್ದು ಸಾಲು ಹಿಡಿದು ಹೊರಟ. ಅವನದು ಗಾರೆ ಕೆಲಸದ ಕೈ, ಚಿಟಿಕೆ ಗೊತ್ತಿಲ್ಲ, ಹಿಡಿಯೇ ಗೊತ್ತು. ಒಬ್ಬೊಬ್ಬರಿಗೂ ಗೋಡೆಗೆ ಗಾರೆ ಮೆತ್ತಿದ ಹಾಗೆ ಅಂಗೈ ತುಂಬ ಹಲ್ವಾ ಮೆತ್ತಿದ. ಅವರು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಮೂರು ತಿಂಗಳು ಸೋರೆಕಾಯಿ ತಿಂದ ಬಾಯಿಗಳು ಅವು. ಕೆಲವರ ಕಣ್ಣಲ್ಲಿ ನೀರೇ ಬಂತು, ಭಕ್ತಿಯಿಂದಲೇ ಇರಬೇಕು.

ಆಮೇಲೆ ತೂಕ, ಸೊಂಟದ ಅಳತೆ, ಬಿಪಿ ಎಲ್ಲ ನಿಧಾನಕ್ಕೆ ನಡೆದು ರಕ್ತದ ಸರದಿ ಬರುವಷ್ಟರಲ್ಲಿ ಹಲ್ವಾ ತನ್ನ ಕೆಲಸ ಶುರುಮಾಡಿತ್ತು. ಬೆಳಿಗ್ಗೆಯಿಂದ ಏನಾದರೂ ತಿಂದಿರಾ ಎಂದು ಸೋನಾಲಿ ಒಬ್ಬೊಬ್ಬರನ್ನೂ ಕೇಳಿದಳು. ಎಲ್ಲರೂ ಅವಳ ಕಣ್ಣಲ್ಲಿ ಕಣ್ಣಿಟ್ಟು, ಒಂದು ಹನಿ ನೀರು ಬಿಟ್ಟರೆ ಏನೂ ಇಲ್ಲ ಎಂದರು.

ಸದಾನಂದ ಕುಣಿಯುತ್ತ ಹಾಲ್‌ಗೆ ಬಂದಾಗ ಡಬ್ಬ ಖಾಲಿಯಾಗಿ, ಮೂಲೆಯಲ್ಲಿ ಒಂದಿಷ್ಟು ಮಾತ್ರ ಅಂಟಿಕೊಂಡಿತ್ತು. ನಿಂಗಣ್ಣ ತುಪ್ಪದ ಕೈಯನ್ನು ತಲೆಗೆ ಸವರಿಕೊಳ್ಳುತ್ತಿದ್ದ.

"ಎಲ್ಲಾರಿಗೂ ಮುಟ್ಟಿಸೀನ್ರಿ ಅಣ್ಣಾರ. ಒಬ್ಬರೂ ಬ್ಯಾಡ ಅನ್ಲಿಲ್ಲ. ಡಾಕ್ಟರ್‌ಬಾಯಿ ಪಾಲು ತಗದಿಟ್ಟೀನಿ."

ಏನು ಮಾಡಿದೆ ಮಾರಾಯ, ಇವರೆಲ್ಲ ಪಥ್ಯದವರಲ್ಲವಾ ಎಂದು ಸದಾನಂದ ಕೇಳಿದ. ನಿಂಗಣ್ಣ ನಿಜವಾಗಿಯೂ ಆಶ್ಚರ್ಯಪಟ್ಟ. "ಪ್ರಸಾದಕ್ಕೆಂಥ ಪಥ್ಯರಿ ಅಣ್ಣಾರ?"

ಅಷ್ಟರಲ್ಲಿ ಒಳಗಿನಿಂದ ಪ್ರಣೀತಾ ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು. ಬೆರಳು ಚುಚ್ಚಿ ನೋಡುವ ಮಿಷನ್ ಅವಳ ಕೈಯಲ್ಲೇ ಇತ್ತು, ಮುಖ ಬಿಳಿಚಿತ್ತು.

"ಎಲ್ಲರದೂ ಶುಗರ್ ಜಾಸ್ತಿ ಬರ್ತಾ ಇದೆ ಅಂಕಲ್. ಶುಗರ್ ಗ್ರೂಪ್ ಛೋಡೋ, ಬಿಪಿಯವರದು ಭೀ, ಹಾರ್ಟ್‌ನವರದು ಭೀ. ಲಾಸ್ಟ್ ವೀಕ್ ಎಲ್ಲ ಠೀಕ್ ಇತ್ತು. ನಮ್ಮ ದೊಡ್ಡ ಡಾಕ್ಟರ್ ಸರ್ ಇದನ್ನ ನೋಡಿದ್ರೆ ಸ್ಟಡಿ ಬಂದ್ ಮಾಡ್ತಾರೆ. ಮೇರಾ ಡಯಟ್ ಹೀ ಗಲತ್ ಹೈ ಕ್ಯಾ?"

ಸದಾನಂದನಿಗೆ ಅವಳದೇ ಹಳೆಯ ಮಾತೊಂದು ನೆನಪಾಯಿತು. ಒಂದು ಸಲ ಯಾವುದೋ ಮಿಷನ್ ಕೆಟ್ಟಾಗ, ಪರೀಕ್ಷೆ ಮತ್ತೆ ಮಾಡುವುದಾದರೆ ಎಲ್ಲರಿಗೂ ಮಾಡಬೇಕು, ಅಲ್ಲಿಯತನಕ ಯಾರೂ ಪಥ್ಯ ಬಿಡುವ ಹಾಗಿಲ್ಲ ಎಂದು ಇವಳೇ ಹೇಳಿದ್ದಳು. ಈಗ ಬಾಯಿಬಿಟ್ಟರೆ ಪಥ್ಯ ಮುಂದುವರಿಯಿತು, ಸೌಟು ದೂಜನ ಕೈಗೆ ಹೋಯಿತು. ಸುಮ್ಮನಿದ್ದರೆ ತನ್ನ ರಕ್ತ ಚೊಕ್ಕವಾಗಿ ಕೊಟ್ಟಾಗಿದೆ, ಸಂಜೆಯ ಸಾಂಬಾರು ತನ್ನದೇ. ನಿಂಗಣ್ಣನಂತೂ ಹೇಳುವವನಲ್ಲ. ಹೇಳಬೇಕಾದದ್ದು ಏನಾದರೂ ಇದೆ ಎಂದೇ ಅವನಿಗೆ ಗೊತ್ತಿಲ್ಲ. ಸದಾನಂದ ಸುಮ್ಮನಿರಲು ಬಹಳ ಪ್ರಯತ್ನಪಟ್ಟ. ತಲೆ ತಗ್ಗಿಸಿ ನೆಲ ನೋಡಿದ. ನೆಲದಲ್ಲಿ ಚಪ್ಪಲಿ, ಚಪ್ಪಲಿಯಲ್ಲಿ ಹೆಬ್ಬೆರಳು, ಇದ್ದ ಜಾಗದಲ್ಲೇ ಭದ್ರವಾಗಿ ಕೂತಿತ್ತು. ಆ ಹುಡುಗಿ ಮೂರು ತಿಂಗಳು ಇದಕ್ಕಾಗಿ ಎಷ್ಟು ಒದ್ದಾಡಿದ್ದಳೋ. ಭಾನುವಾರವೂ ಫೋನ್ ಮಾಡಿ, ಬೆರಳು ಹೇಗಿದೆ ಅಂಕಲ್ ಎಂದು ಕೇಳುತ್ತಿದ್ದಳು. ಅವನ ಸ್ವಂತ ತಮ್ಮ ಒಂದು ಸಲವೂ ಕೇಳಿರಲಿಲ್ಲ.

"ನಿಮ್ಮ ಡಯಟ್ ತಪ್ಪಲ್ಲ ಅಮ್ಮ," ಎಂದ. "ತಪ್ಪು ನನ್ನ ಹಲ್ವಾದ್ದು."

ಎಲ್ಲವನ್ನೂ ಹೇಳಿದ. ಪ್ರಣೀತಾ ನಂಬಲಿಲ್ಲ. ಕೇಳಿದಾಗ ಎಲ್ಲರೂ ಏನೂ ತಿಂದಿಲ್ಲ ಎಂದರಲ್ಲ ಎಂದಳು. ಅವರು ಸುಳ್ಳು ಹೇಳಿಲ್ಲ, ಪ್ರಸಾದವನ್ನು ಯಾರೂ ತಿಂಡಿ ಎಂದು ಲೆಕ್ಕ ಹಾಕುವುದಿಲ್ಲ ಎಂದು ಸದಾನಂದ ವಿವರಿಸಿದ. ಅವಳು ಎದ್ದು ಹಾಲ್‌ನ ನಡುವೆ ನಿಂತು, ಪ್ರಸಾದ ಯಾರು ಯಾರು ತಗೊಂಡಿರಿ ಎಂದು ಕೇಳಿದಳು. ಎಲ್ಲ ಕೈಗಳೂ ಸಂತೋಷದಿಂದ ಮೇಲೆದ್ದವು. ಇನ್ನೂ ಉಳಿದಿದೆಯೇ ಎಂದು ರುದ್ರವ್ವ ವಿಚಾರಿಸಿದಳು.

ಪ್ರಣೀತಾ ಒಂದು ಕ್ಷಣ ಅಳುವುದೋ ನಗುವುದೋ ತಿಳಿಯದೆ ನಿಂತು, ಕೊನೆಗೆ ಗೋಡೆ ಹಿಡಿದುಕೊಂಡು ನಕ್ಕಳು. ಇನ್ನೊಂದು ವಾರ ಎಲ್ಲರಿಗೂ ಅದೇ ಊಟ, ಮುಂದಿನ ಗುರುವಾರ ಮತ್ತೆ ಪರೀಕ್ಷೆ ಎಂದು ಹೇಳಿದಳು. ಹಾಲ್‌ನಲ್ಲಿ ಗುಜುಗುಜು ಎದ್ದಿತು. ಎಲ್ಲರೂ ಸದಾನಂದನನ್ನು ಗುರಾಯಿಸಿದರು. ರುದ್ರವ್ವ ಮಾತ್ರ, ಇರಲಿ ಬಿಡ್ರಿ, ಹಲ್ವಾ ಭಾಳ ಚೊಲೋ ಇತ್ತು ಎಂದಳು.

ಸದಾನಂದ ಮನಸ್ಸಿನಲ್ಲೇ ಸೌಟಿಗೆ ಕೈಮುಗಿದ. ದೂಜ ರೈಲು ಹತ್ತಿದ್ದೂ ಇಳಿದದ್ದೂ ಕಣ್ಣಿಗೆ ಕಟ್ಟಿತು. ಆಗ ಪ್ರಣೀತಾ ಅವನ ಹತ್ತಿರ ಬಂದಳು.

"ನೀವು ಯಾಕೆ ಮುಖ ಸಣ್ಣ ಮಾಡಿದ್ರಿ ಅಂಕಲ್? ನಿಮ್ದು ಬ್ಲಡ್ ಕ್ಲೀನ್ ಇದೆ, ಮೊದಲೇ ತೆಗೆದಿದ್ದು. ಎಲ್ಲರಿಗೂ ಅಂದಿದ್ದು ಹಲ್ವಾ ತಿಂದವರಿಗೆ, ನಿಮಗೆ ಮತ್ತೆ ಟೆಸ್ಟ್ ಬೇಡ. ನಿಮ್ದು ಮುಗೀತು. ಸಚ್ ಹೇಳಿದ್ರಲ್ಲ, ಅದಕ್ಕೆ ಥ್ಯಾಂಕ್ಸ್."

ಸದಾನಂದನ ಕಣ್ಣು ತುಂಬಿ ಬಂತು. ಥ್ಯಾಂಕ್ಸ್ ಹೇಳಲೆಂದು ಅಷ್ಟು ದೂರ ಬಂದವನು ಅವನು, ಹೇಳಿಸಿಕೊಂಡು ಹೋಗುವ ಹಾಗಾಯಿತು. ಡಬ್ಬವನ್ನು ಮುಂದೆ ಹಿಡಿದ. ಮೂಲೆಯಲ್ಲಿದ್ದದ್ದನ್ನು ಅವಳು ಚಮಚದಿಂದ ಕೆರೆದು, ಅರ್ಧ ತಾನು ತಿಂದು, ಒಂದು ಚೂರನ್ನು ಅವನ ಕೈಗಿಟ್ಟಳು. ಇವತ್ತು ಇಷ್ಟು ಚಲೇಗಾ ಎಂದಳು. ಮೂರು ತಿಂಗಳ ಮೇಲೆ ತನ್ನ ಕೈಯಡುಗೆ. ಸದಾನಂದ ಕಣ್ಣುಮುಚ್ಚಿ ಬಾಯಿಗಿಟ್ಟ. ತಕ್ಷಣ ಅವನ ಮುಖ ಹುಣಿಸೆಹಣ್ಣು ಕಚ್ಚಿದವನಂತೆ ಕಿವುಚಿಕೊಂಡಿತು. ಸಕ್ಕರೆಯೋ ಸಕ್ಕರೆ, ಹಲ್ಲಿನ ಬುಡದ ತನಕ ಸಕ್ಕರೆ. ರುಚಿ ನೋಡದೆ ಮಾಡಿದ್ದು, ಸಕ್ಕರೆ ಹೆಚ್ಚಾಗಿಹೋಗಿದೆ ಎಂದು ಅವನು ನಾಚಿ ಕ್ಷಮೆ ಕೇಳಿದ. ಏಕ್‌ದಮ್ ಪರ್ಫೆಕ್ಟ್ ಇದೆ ಎಂದಳು ಪ್ರಣೀತಾ. ಒಳ್ಳೆಯ ಮನೆಯ ಹುಡುಗಿ, ನನಗೆ ಬೇಸರವಾಗದಿರಲೆಂದು ಹೇಳುತ್ತಾಳೆ ಎಂದುಕೊಂಡ ಸದಾನಂದ.

ಮಧ್ಯಾಹ್ನ ಹೋಟೆಲಿನಲ್ಲಿ ಅವನಿಗೆ ಸ್ವಾಗತವೇ ನಡೆಯಿತು. ಮನೀಶ್ ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಸಪ್ಲೈಯರುಗಳು ಚಪ್ಪಾಳೆ ತಟ್ಟಿದರು. ಸಂಜೆಯ ಸಾಂಬಾರನ್ನು ಸದಾನಂದ ಎಂದಿನ ಅಳತೆಯಲ್ಲೇ ಮಾಡಿ, ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿದ. ಅಯ್ಯೋ ದೇವರೇ, ಜುಹೂ ಸಮುದ್ರವನ್ನೇ ಬಗ್ಗಿಸಿದ ಹಾಗಿತ್ತು. ಸಂದೀಪ ಮೊದಲೇ ಉಪ್ಪು ಹಾಕಿದ್ದಾನೆಂದು ಅವನಿಗೆ ಬೈದ. ಆ ಬಡಪಾಯಿ ಉಪ್ಪಿನ ಡಬ್ಬ ಮುಟ್ಟಿಯೇ ಇರಲಿಲ್ಲ. ಸದಾನಂದ ಬಿಸಿನೀರು ಸುರಿದ, ಬೇಳೆ ಬೇಯಿಸಿ ಸೇರಿಸಿದ, ಆಲೂಗಡ್ಡೆ ಹಾಕಿದ. ಕೊನೆಗೆ ನಾಲಿಗೆಗೆ ಹಿತವಾಯಿತು. ಚಟ್ನಿಯನ್ನೂ ಹಾಗೆಯೇ ಸರಿಪಡಿಸಿದ. ಶಿರಾಕ್ಕೆ ಸಕ್ಕರೆ ಕಡಿಮೆ ಮಾಡಿದ. ಮೂರು ತಿಂಗಳಲ್ಲಿ ಈ ಅಡುಗೆಮನೆ ಎಷ್ಟು ಹದಗೆಟ್ಟಿದೆ, ತಾನು ಬಂದದ್ದು ಒಳ್ಳೆಯದಾಯಿತು ಎಂದು ಸಮಾಧಾನಪಟ್ಟುಕೊಂಡ.

ಸದಾನಂದ ಬಂದಿದ್ದಾನೆಂದು ಸುದ್ದಿ ಹರಡಿ ಅಂಧೇರಿಯ ರಿಕ್ಷಾಗಳೂ ಬಂದಿದ್ದವು. ಮೊದಲ ಟೇಬಲಿನವರು ಉಪ್ಪು ಕೇಳಿದರು. ಎರಡನೆಯವರು ಉಪ್ಪಿನ ಬಟ್ಟಲನ್ನೇ ಇಟ್ಟುಕೊಂಡರು. ಮೂರನೆಯವರು ಪ್ಲೇಟುಗಳನ್ನು ವಾಪಸು ಕಳಿಸಿದರು. ಮನೀಶ್ ತಾನೇ ಬಂದು ಒಂದು ಗುಟುಕು ಸಾಂಬಾರು ಬಾಯಿಗೆ ಹಾಕಿಕೊಂಡು, ಉಗುಳಲೂ ಆಗದೆ ಹೇಗೋ ನುಂಗಿ ಬಟ್ಟಲನ್ನು ಕೆಳಗಿಟ್ಟ.

"ಇದೆಂಥ ಮಾರಾಯ್ರೆ, ಹೋಟೆಲಾ ಆಸ್ಪತ್ರೆಯಾ?"

ಉಪ್ಪು ಸರಿಯಾಗಿದೆ ಎಂದ ಸದಾನಂದ. ನನ್ನ ನಾಲಿಗೆ ಸುಳ್ಳು ಹೇಳುವುದಿಲ್ಲ, ಸಂದೀಪನ ಕೈಯಡುಗೆ ತಿಂದು ನಿಮ್ಮೆಲ್ಲರ ನಾಲಿಗೆ ಕೆಟ್ಟಿದೆ ಎಂದೂ ಸೇರಿಸಿದ. ಮನೀಶ್ ಜಗಳವಾಡುವ ಹುಡುಗನಲ್ಲ. ಸೌಟನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು ಸಂದೀಪನಿಗೆ ಕೊಟ್ಟ, ಹೊರಗೆ ಹೋಗಿ ದೂಜನಿಗೆ ಫೋನ್ ಮಾಡಿದ.

ದೀಪ ಹಚ್ಚುವ ಹೊತ್ತಿಗೇ ಸದಾನಂದ ಮನೆಗೆ ಬಂದ. ಮುಂಬಯಿಗೇ ಬಾಯಿರುಚಿ ಕೆಟ್ಟುಹೋಗಿದೆ ಎಂದು ವಿನೋದಿನಿಯ ಮುಂದೆ ಕೂಗಾಡಿದ. ಅವಳು ತಟ್ಟೆ ಇಟ್ಟು ಅನ್ನ, ಪಡುವಲಕಾಯಿ ಹುಳಿ ಬಡಿಸಿದಳು. ಹೆಬ್ಬೆರಳು ನೋಡಿ ಏನೆಂದರು ಎಂದು ಮಾತ್ರ ಕೇಳಿದಳು. ಪೂರ್ತಿ ವಾಸಿಯಂತೆ ಎಂದು ಕೇಳಿದ ಮೇಲೆ ದೇವರ ಮುಂದೆ ಹೋಗಿ ಕೈಮುಗಿದು ಬಂದಳು.

ಸದಾನಂದ ಒಂದು ತುತ್ತು ಕಲಸಿ ಬಾಯಿಗಿಟ್ಟ. ಇಡೀ ದಿನದ ಸಿಟ್ಟು ಇಳಿದುಹೋಯಿತು. "ನೋಡು, ಹುಳಿ ಅಂದ್ರೆ ಇದು. ಉಪ್ಪಿನ ಹದ ಅಂದ್ರೆ ಹೀಗಿರ್ಬೇಕು. ಆ ಮನೀಶನನ್ನು ಕರ್ಕೊಂಡು ಬಂದು ತಿನ್ನಿಸ್ಬೇಕಿತ್ತು."

ವಿನೋದಿನಿ ಅನುಮಾನದಿಂದ ಹುಳಿಯ ಪಾತ್ರೆಯನ್ನು ಹತ್ತಿರಕ್ಕೆಳೆದುಕೊಂಡು ಬೆರಳದ್ದಿ ನೆಕ್ಕಿದಳು. ಆಮೇಲೆ ಗಂಡನ ಮುಖವನ್ನೇ ನೋಡಿದಳು.

"ಇವತ್ತು ನಿಮ್ಮ ಗಡಿಬಿಡಿಯಲ್ಲಿ ಉಪ್ಪು ಹಾಕುದೇ ಮರ್ತುಹೋಗಿದೆ."

ಸದಾನಂದ ಅಗಿಯುವುದನ್ನು ನಿಲ್ಲಿಸಿದ. ಬೆಳಗಿನ ಹಲ್ವಾ ನೆನಪಾಯಿತು, ಪರ್ಫೆಕ್ಟ್ ಎಂದ ಪ್ರಣೀತಾ ನೆನಪಾದಳು, ಉಪ್ಪು ಕೇಳಿದ ಟೇಬಲುಗಳು ಒಂದೊಂದಾಗಿ ನೆನಪಾದವು. ಮಣೆಯ ಮೇಲೆ ಮಡಚಿಟ್ಟ ತನ್ನ ಕಾಲಿನ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದ. ಅದು ಕೆಂಪಗೆ, ದುಂಡಗೆ, ಯಾವ ಚಿಂತೆಯೂ ಇಲ್ಲದೆ ಕುಳಿತಿತ್ತು. ನಿನ್ನನ್ನು ಉಳಿಸಿಕೊಳ್ಳಲು ನಾಲಿಗೆಯನ್ನು ಕೊಟ್ಟೆನಲ್ಲ ಎಂದುಕೊಂಡ. ಹಾಗೆಂದುಕೊಂಡರೂ ಅದರ ಮೇಲೆ ಸಿಟ್ಟು ಬರಲಿಲ್ಲ, ನಗು ಬಂತು. ದೂಜ ಬಂದರೆ ಬರಲಿ. ಅವನಿಗೆ ಹತ್ತಿರ ನಿಂತು ಹೇಳಿಕೊಡಲು ಕಾಲಾದರೂ ಇದೆಯಲ್ಲ.

ತಟ್ಟೆಯನ್ನು ಹೆಂಡತಿಯ ಕಡೆಗೆ ಚಾಚಿದ.

"ಹಾಗಾದ್ರೆ ಇನ್ನೊಂದು ಸೌಟು ಹಾಕು."